ಉಪ್ಪು ತಿಂದ ಜೀಪು

ಕಲ್ಯಾಣದುರ್ಗ
14 ಡಿಸೆಂಬರ್ 2003

ಬಾಮೈದ ಈಶ್ವರನಿಗೆ,

ಅಮರೇಶಪ್ಪ ಹೇಳಿ ಬರೆಸೋದು. ನಾನು ತೆಲುಗು ಸ್ಕೂಲಲ್ಲಿ ಓದಿದೋನು, ಕನ್ನಡ ನಾಲ್ಗೇಲಿ ಐತೆ, ಕೈಯಾಗಿಲ್ಲ ಅಂತ ನಿಂಗೇ ಗೊತ್ತು. ಅದ್ಕೆ ನಿಮ್ಮಕ್ಕನ ಕೈಲಿ ಬರೆಸ್ತಾ ಇವ್ನಿ. ಹೇಳ್ದಂಗೇ ಬರಿ, ಚೆಂದ ಮಾಡಬ್ಯಾಡ ಅಂತ ಅವಳಿಗೆ ಹೇಳಿವ್ನಿ.

ಜೀಪು ಕಣಪ್ಪ. ಈಗ ನಾನು ಕಲ್ಲುಪ್ಪಿನ ಯಾಪಾರ ಹಿಡ್ದಿವ್ನಿ. ಸುತ್ತಮುತ್ತ ಕುರಿ ಸಾಕೋರಿಗೆಲ್ಲ ಉಪ್ಪು ನಾನೇ ಹಾಕೋದು. ಮೂಟೆ ಹೇರ್ಕೊಂಡು ಸಂತೆ ಸಂತೆಗೆ ಹೋಯ್ತೀನಿ. ಈ ಮಾಗಿ ಚಳೀಲಿ ಬೆಳಗಾನ ಮಂಜು ಬಿದ್ದು ಮೂಟೆ ಬೆವರ್ತಾವೆ, ಗಾಡಿ ಮುಟ್ಟಿದ್ರೆ ಅಂಟಂಟು. ಕಾಲಿಟ್ರೆ ಕೆಂಪು ಪುಡಿ ಉದುರ್ತೈತೆ. ಕ್ಲಚ್ಚಿನ ಪಕ್ಕ ಒಂದು ತೂತು ಬಿದ್ದು ಅದ್ರಾಗೆ ರೋಡು ಕಾಣ್ತೈತೆ. ಮಳೇನೇ ಕಾಣದ ಸೀಮೇಲಿ ತುಕ್ಕು ಎಲ್ಲಿಂದ ಬಂತೋ ನಂಗೆ ಅರ್ಥ ಆಗ್ತಿಲ್ಲ.

ನಿಮ್ಮಪ್ಪ ಕೇಶವಯ್ಯನೋರು ಮಿಲಿಟ್ರಿ ಹರಾಜಲ್ಲಿ ತಂದ ಗಾಡಿ. ಅದ್ರಾಗೆ ಸೀರೆ ಗಂಟು ಹೇರ್ಕೊಂಡು ಊರೂರು ತಿರುಗಿದ್ರು. ಅವ್ರು ಇರೋಗಂಟ ಒಂದು ಚುಕ್ಕೆ ತುಕ್ಕಿರ್ಲಿಲ್ಲ. ನೀನೂ ಅವ್ರ ಜೊತೆ ಗಾಡಿ ಅಡೀಲಿ ಮಲಕ್ಕೊಂಡು ಏನೋ ಹಚ್ತಾ ಇದ್ದೆ. ಅದೇನು ಅಂತ ಬರ್ದು ತಿಳ್ಸು. ಫೋನ್ ಮಾಡಿದ್ರೆ ನೀನು ಮಾತಾಡಲ್ವಲ್ಲ. ಹಳೇದೆಲ್ಲ ಮರ್ತ್ಬುಡು. ಎರಡು ವರ್ಷ ಆಗ್ತಾ ಬಂತು, ಇಷ್ಟೊತ್ತಿಗೆ ನಿನ್ನ ಕೋಪಕ್ಕೂ ತುಕ್ಕು ಹಿಡೀಬೇಕಿತ್ತು.

ಇಂತಿ ನಿನ್ನ ಭಾವ,
ಅಮರೇಶಪ್ಪ

ಈಶ್ವರ, ಮೇಲಿನ ಮಾತೆಲ್ಲ ಅವರದು, ಅಕ್ಷರ ಮಾತ್ರ ನನ್ನದು. ನಿನ್ನ ಉತ್ತರ ಬಂದರೆ ಓದಿ ಹೇಳುವವಳೂ ನಾನೇ. ಪ್ರೆಸ್ಸು ನಡೆಯುತ್ತಿದೆಯೆ? ಹೊತ್ತಿಗೆ ಸರಿಯಾಗಿ ಉಣ್ಣು. — ಅಕ್ಕ, ಬನಶಂಕರಮ್ಮ


ಹಿಂದೂಪುರ
24 ಡಿಸೆಂಬರ್ 2003

ಭಾವನವರಿಗೆ,

ನಿಮ್ಮ ಜೊತೆ ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂದು ಅಪ್ಪನ ತಿಥಿಯ ದಿನ ಎಲೆಯ ಮುಂದೆ ಕೂತು ಆಣೆ ಇಟ್ಟಿದ್ದೆ. ಬರೆಯುವುದಿಲ್ಲ ಎಂದು ಇಟ್ಟಿರಲಿಲ್ಲ. ಕನ್ನಡದಲ್ಲಿ ಬಿ.ಎ. ಮಾಡಿದ್ದರಿಂದ ನನಗೆ ಆದ ಲಾಭ ಇದೊಂದೇ.

ಹಳೆಯದನ್ನು ಮರೆ ಎಂದಿದ್ದೀರಿ. ಮರೆಯಬೇಕಾದರೆ ಮೊದಲು ಒಮ್ಮೆ ನೆನೆಯಬೇಕು, ನೆನೆಯುತ್ತೇನೆ. ತಿಥಿಯ ಊಟ ಇನ್ನೂ ನಡೆಯುತ್ತಿತ್ತು. ನೀವು ಗೂಟದ ಮೇಲಿದ್ದ ಕೀ ತೆಗೆದುಕೊಂಡು ಜೀಪು ಹತ್ತಿದಿರಿ. ನಾನು ಎಂಜಲು ಕೈಯಲ್ಲೇ ಓಡಿಬಂದು ಬಾನೆಟ್ಟಿಗೆ ಅಡ್ಡ ನಿಂತು, ಇದು ಮಗನಿಗೆ ಬರಬೇಕಾದ ಗಾಡಿ ಎಂದೆ. ನೀವು ಇಡೀ ಪಂಕ್ತಿಗೆ ಕೇಳುವ ಹಾಗೆ, "ಓಡ್ಸೋನಿಗೆ ಗಾಡಿ, ಪದ್ಯ ಬರೆಯೋನಿಗೆ ದಾಡಿ" ಎಂದಿರಿ. ಪಂಕ್ತಿ ಅನ್ನ ಬಿಟ್ಟು ನಕ್ಕಿತು. ಅವತ್ತು ನನ್ನ ಮುಖದ ಮೇಲಿದ್ದದ್ದು ಅಪ್ಪನ ಸೂತಕಕ್ಕೆ ಬಿಟ್ಟ ದಾಡಿ. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ಏನೋ ಹೇಳಹೊರಟಳು. "ನೀನು ಸುಮ್ನಿರಕ್ಕ, ಇದು ಗಂಡಸ್ರ ಮಾತು" ಎಂದು ನಾನೇ ಅವಳನ್ನು ಒಳಗೆ ಕಳಿಸಿದೆ. ಆ ಗಂಡಸರ ಮಾತಿನಲ್ಲಿ ಗೆದ್ದವರು ನೀವು.

ಸುತ್ತಲಿನ ಊರುಗಳ ಮದುವೆ ಕರೆಯೋಲೆಗೆಲ್ಲ ಪ್ರಾಸ ಕಟ್ಟಿ ಅಚ್ಚು ಹಾಕುವವನು ನಾನು. ನನ್ನ ಅಂಗಳದಲ್ಲಿ, ನನ್ನ ಸರಕಿನಲ್ಲೇ ನನ್ನನ್ನು ಹೊಡೆದಿರಿ. ಜೀಪು ಹೋದದ್ದಕ್ಕಿಂತ ಆ ಪ್ರಾಸ ಚೆನ್ನಾಗಿತ್ತು ಎಂಬುದೇ ಹೆಚ್ಚು ಉರಿಯಿತು. ಅಂದಿನಿಂದ ಒಂದು ದಿನವೂ ತಪ್ಪದೆ ಗಡ್ಡ ಹೆರೆಯುತ್ತಿದ್ದೇನೆ.

ಸರಿ, ನೆನೆದದ್ದಾಯಿತು. ಮರೆತೆ. ಈಗ ಜೀಪಿನ ಮಾತು.

ತುಕ್ಕಿಗೆ ಕಾರಣ ನೀರು. ಆದ್ದರಿಂದ ತಗಡಿಗೆ ನೀರನ್ನೇ ತೋರಿಸಬೇಡಿ. ತೊಳೆಯಬೇಡಿ, ಪೊರಕೆಯಲ್ಲಿ ಗುಡಿಸಿದರೆ ಸಾಕು. ಆಮೇಲೆ ರಸ್ತೆಗೆ ಹಾಕುವ ಟಾರು ಕಾಯಿಸಿ, ಕಾಲಿಡುವ ತಗಡಿಗೆ ಮೇಲೂ ಕೆಳಗೂ ದಪ್ಪಗೆ ಬಳಿಯಿರಿ. ತಗಡಿನ ಮೂಲೆಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ, ಏಕೆ ಬಿಟ್ಟರೋ ಏನೋ, ಅವನ್ನೂ ಮುಚ್ಚಿ. ಮೇಲೆ ರಬ್ಬರ್ ಮ್ಯಾಟು ಹಾಸಿ ಅಂಚನ್ನು ಟಾರಿನಲ್ಲೇ ಅಂಟಿಸಿ, ಗಾಳಿ ಕೂಡ ಆಡಬಾರದು. ಅಡಿಯಲ್ಲಿ ಉದ್ದಕ್ಕೂ ಹೋಗುವ ಎರಡು ತೊಲೆಗಳನ್ನು ಮಾತ್ರ ಮುಟ್ಟಬೇಡಿ, ಅವು ಗಟ್ಟಿ ಕಬ್ಬಿಣ, ಅವಕ್ಕೇನೂ ಆಗದು. ಬಾಯಿಪಾಠಕ್ಕೆ ಒಂದು ಪದ್ಯ:

ತೊಳೆದರೆ ತುಕ್ಕು, ಬಳಿದರೆ ಮಿರುಗು,
ತೂತನು ಮುಚ್ಚಿ ಊರೆಲ್ಲ ತಿರುಗು.

ಇಂತಿ,
ಮರೆತ ಬಾಮೈದ, ಈಶ್ವರ್

ಅಕ್ಕ, ಇಲ್ಲಿಂದ ಕೆಳಗೆ ನಿನಗೆ ಮಾತ್ರ, ಓದಿ ಹೇಳಬೇಡ. ಮೇಲೆ ಬರೆದದ್ದೆಲ್ಲ ತಲೆಕೆಳಗು. ಉಪ್ಪು ಮಳೆಗೆ ಕಾಯುವುದಿಲ್ಲ, ತನಗೆ ಬೇಕಾದ ನೀರನ್ನು ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಅದನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಬಿಸಿಲಿಗೆ ಬಿಟ್ಟು ಒಣಗಿಸಬೇಕು, ಆಮೇಲೆ ಇಂಜಿನ್ನಿನಿಂದ ಇಳಿಸಿದ ಹಳೇ ಆಯಿಲ್ ಸವರಬೇಕು. ಅಪ್ಪ ಮಾಡುತ್ತಿದ್ದದ್ದು ಇಷ್ಟೇ. ಮೂಲೆಯ ತೂತುಗಳು ಇರುವುದು ನಿಂತ ನೀರು ಇಳಿದುಹೋಗಲಿ ಎಂದು. ತೊಳೆಯದೆ ಟಾರು ಬಳಿದರೆ ಉಪ್ಪು ಒಳಗೇ ಸಿಕ್ಕಿಕೊಂಡು ಮೇಯುತ್ತದೆ. ಹೊರಗೆ ಕನ್ನಡಿ, ಒಳಗೆ ಹಪ್ಪಳ.

ಒಂದಲ್ಲ ಒಂದು ದಿನ ಭಾವನ ಕಾಲಡಿಯ ತಗಡು ಉದುರಬೇಕು. ಜನರ ಮುಂದೆ ಉದುರಬೇಕು, ಅದು ಮುಖ್ಯ. ಅಂದು ನಕ್ಕವರೇ ನಗಬೇಕು. ಅವಮಾನಕ್ಕೆ ಅವರು ಗಾಡಿ ಬಿಸಾಡುತ್ತಾರೆ, ನಾನು ಎತ್ತಿಕೊಂಡು ಬರುತ್ತೇನೆ. ತಗಡು ಹೋದರೆ ಹೊಸ ತಗಡು ಹೊಡೆಸಬಹುದು. ಆದರೆ ಆ ಎರಡು ತೊಲೆಗಳು, ಚಾಸಿ ಅನ್ನುತ್ತಾರೆ, ಅದು ಗಾಡಿಯ ಬೆನ್ನೆಲುಬು. ಅದು ಹೋದರೆ ಅಪ್ಪನ ಜೀಪೇ ಹೋದ ಹಾಗೆ. ಅದೊಂದನ್ನು ನೀನು ಕಾಪಾಡಬೇಕು. ಭಾವ ಮಧ್ಯಾಹ್ನ ಮಲಗಿದಾಗ ಕೊಡ ನೀರು, ಬಟ್ಟೆ, ಒಂದು ಡಬ್ಬ ಹಳೇ ಆಯಿಲ್. ಇದೆಲ್ಲ ನಿನಗೆ ಗೊತ್ತಿರಲಾರದು ಎಂದು ಬಿಡಿಸಿ ಬರೆದಿದ್ದೇನೆ. ಮತ್ತೆ ಇನ್ನು ಮುಂದೆ ನೀನು ಹಿಂದಿನ ಸೀಟಿನಲ್ಲೇ ಕೂರು, ಮುಂದೆ ಕೂರಬೇಡ.


ಕಲ್ಯಾಣದುರ್ಗ
20 ಜನವರಿ 2004

ಈಶ್ವರನಿಗೆ,

ಭೇಷ್ ಕಣಪ್ಪ. ನೀನು ಹೇಳ್ದಂಗೇ ಮಾಡ್ಸಿದೆ. ರೋಡ್ ಕೆಲ್ಸದೋರ ಹತ್ರ ಟಾರು ತಂದು ಎರಡು ಕೋಟು ಬಳ್ಸಿ, ಮೇಲೆ ಮ್ಯಾಟು ಅಂಟಿಸ್ಬುಟ್ಟೆ. ತೂತೆಲ್ಲ ಬಂದ್. ಈಗ ಜೀಪು ಎಣ್ಣೆ ಹಚ್ಚಿದ ಎಮ್ಮೆ ಇದ್ದಂಗೆ ಮಿರಮಿರ ಅಂತೈತೆ. ಸಂಕ್ರಾಂತಿ ದಿನ ಪೂಜೆ ಮಾಡಿ ಊರಲ್ಲಿ ಒಂದು ರೌಂಡು ಹೊಡ್ದೆ. ನೋಡ್ದೋರೆಲ್ಲ "ಎವರಿ ಬಂಡಿ ಇದಿ?" ಅಂತ ತೆಲುಗಲ್ಲಿ ಕೇಳೋರೇ. ನಂದೇ ಅಂದೆ. ನಿಮ್ಮಪ್ಪನ ಕಾಲದಾಗೂ ಇಷ್ಟು ಮಿಂಚ್ತಿರ್ಲಿಲ್ಲ ಬುಡು.

ನಿನ್ನ ಪದ್ಯ ಸಂತೇಲಿ ಎಲ್ರಿಗೂ ಹೇಳ್ತಾ ಇವ್ನಿ. ನೀನೂ ಒಂದು ಕೆಲ್ಸಕ್ಕೆ ಬಂದೆ.

ಅಮರೇಶಪ್ಪ

ಈಶ್ವರ, ಹಿಂದಿನ ಸೀಟಿನಲ್ಲಿ ಕೂರು ಎಂದು ನೀನು ಬರೆದಿದ್ದೆ. ನಿನ್ನ ಕಾಳಜಿಗೆ ಸಂತೋಷ. ಮುಂದಿನ ಸೀಟಿನಲ್ಲಿ ನಾನು ಯಾವತ್ತು ಕೂತಿದ್ದೆ ಹೇಳು. ಅಲ್ಲಿ ತಕ್ಕಡಿ ಕೂರುತ್ತದೆ.

ಜೀಪಿಗೆ ಊರ ಕಣ್ಣು ಬಿದ್ದಿದೆ ಎಂದು ಅತ್ತೆ ಸರ್ವಮಂಗಳಮ್ಮ ಗಾಬರಿಯಾಗಿದ್ದಾರೆ. ಪ್ರತಿ ಅಮಾವಾಸ್ಯೆಗೂ ಕಲ್ಲುಪ್ಪು, ಒಣಮೆಣಸಿನಕಾಯಿ ಬಟ್ಟೆಯಲ್ಲಿ ಗಂಟು ಕಟ್ಟಿ ಇವರ ಕಾಲಡಿ ಮ್ಯಾಟಿನ ಕೆಳಗೆ ಇಡಬೇಕಂತೆ. ಆ ಕೆಲಸ ನನಗೆ ಬಿದ್ದಿದೆ. — ಅಕ್ಕ


ಹಿಂದೂಪುರ
2 ಫೆಬ್ರವರಿ 2004

ಭಾವನವರಿಗೆ,

ಎಮ್ಮೆ ಮಿಂಚುತ್ತಿರುವುದು ಕೇಳಿ ಆನಂದವಾಯಿತು. ತಗಡಿಗೆ ನೀರು ಸೋಕಿಸದಿರಿ ಎಂದು ಮತ್ತೊಮ್ಮೆ ಕೈಮುಗಿದು ಹೇಳುತ್ತೇನೆ. ಅತ್ತೆಯವರ ದೃಷ್ಟಿಗಂಟನ್ನು ದಯವಿಟ್ಟು ತಪ್ಪಿಸಬೇಡಿ. ಹಿರಿಯರು ಮಾಡಿದ ಶಾಸ್ತ್ರಕ್ಕೆ ಅರ್ಥವಿರುತ್ತದೆ.

ಈಶ್ವರ್

ಅಕ್ಕ, ನಿನಗೆ. ದೃಷ್ಟಿಗಂಟಿನ ಸಾಲು ಓದಿ ಪ್ರೆಸ್ಸಿನಲ್ಲಿ ಒಬ್ಬನೇ ನಕ್ಕೆ. ಮೂಟೆಯ ಉಪ್ಪು ಸಾಲದೆಂದು ಮ್ಯಾಟಿನ ಕೆಳಗೂ ಉಪ್ಪು. ಇಷ್ಟು ಸೇವೆಯನ್ನು ನಾನು ಕೇಳಿಕೊಂಡಿರಲಿಲ್ಲ. ಮದುವೆ ಪದ್ಯ ಕಟ್ಟಲು ಕೂತರೂ ಈಗ ಮನಸ್ಸು ಅಲ್ಲಿಲ್ಲ. ಮೊನ್ನೆ 'ಸಪ್ತಪದಿ ತುಳಿವ ಶುಭಗಳಿಗೆ' ಎಂದು ಬರೆಯುವ ಬದಲು 'ತಗಡು ಕಳಚುವ ಶುಭಗಳಿಗೆ' ಎಂದು ಬರೆದುಬಿಟ್ಟಿದ್ದೆ. ಪ್ರೂಫಿನಲ್ಲಿ ಸಿಕ್ಕಿತು, ಇಲ್ಲದಿದ್ದರೆ ಸೋಮಂದೇಪಲ್ಲಿಯ ಬೀಗರು ನನ್ನ ತಗಡು ಕಳಚುತ್ತಿದ್ದರು. ಚಾಸಿ ಮಾತ್ರ ಮರೆಯಬೇಡ.


ಹಿಂದೂಪುರ
11 ಜುಲೈ 2004

ಅಕ್ಕ,

ಐದು ತಿಂಗಳಿಂದ ನಿನ್ನ ಕಾಗದವಿಲ್ಲ. ಭಾವನ ಕ್ಷೇಮ ಕೇಳುವ ಆತುರ ನನಗೆ ಹಿಂದೆಂದೂ ಇಷ್ಟಿರಲಿಲ್ಲ. ಕಲ್ಯಾಣದುರ್ಗದ ಬಸ್ಸಿಳಿದವರು ಯಾರಾದರೂ ಪ್ರೆಸ್ಸಿಗೆ ಬಂದರೆ, ಅಲ್ಲಿ ಯಾರಾದರೂ ಗಾಡಿಯಿಂದ ಜಾರಿದರಂತೆಯೇ ಎಂದು ಸುತ್ತುಬಳಸಿ ಕೇಳುತ್ತೇನೆ. ಇಲ್ಲ ಅನ್ನುತ್ತಾರೆ. ಅವರಿಗೆ ಟೀ ಕುಡಿಸುವುದೇ ದಂಡ.

ಮೊನ್ನೆ ಒಬ್ಬರು ಜೀಪು ನೋಡಿದ್ದಾಗಿ ಹೇಳಿದರು. ಒಳ್ಳೇ ಕಂಡೀಷನ್ನಿನಲ್ಲಿದೆಯಂತೆ, ಭಾವ ಇನ್ನೂ ನನ್ನ ಪದ್ಯ ಹೇಳಿಕೊಂಡು ತಿರುಗುತ್ತಿದ್ದಾರಂತೆ. ಇತ್ತ ನಾನು ಆ ಪಂಕ್ತಿಯಲ್ಲಿ ಕೂತು ನಕ್ಕವರ ಮುಖಗಳನ್ನು ಒಂದೊಂದಾಗಿ ಎಣಿಸಿಕೊಂಡು ಮಲಗುತ್ತೇನೆ. ನಕ್ಕವರಲ್ಲಿ ಮೂವರು ಆಗಲೇ ತೀರಿಕೊಂಡಿದ್ದಾರೆ. ಹೀಗೇ ಆದರೆ ಭಾವ ಬೀಳುವ ಹೊತ್ತಿಗೆ ನೋಡಲು ಯಾರೂ ಉಳಿಯುವುದಿಲ್ಲ. ಟಾರು ಜಾಸ್ತಿ ದಪ್ಪವಾಯಿತೋ ಏನೋ. ನಿಜವಾಗಿ ಏನಾಗುತ್ತಿದೆ ಬರಿ.

ಈಶ್ವರ್


ಕಲ್ಯಾಣದುರ್ಗ
29 ಆಗಸ್ಟ್ 2004

ಈಶ್ವರ,

ಅತ್ತೆಗೆ ಜ್ವರವಿತ್ತು, ಬರೆಯಲಾಗಲಿಲ್ಲ. ಈಗ ಎದ್ದು ಕೂತಿದ್ದಾರೆ, ಎದ್ದ ತಕ್ಷಣ ಕೇಳಿದ್ದು ಅಮಾವಾಸ್ಯೆ ಗಂಟು ಇಟ್ಟೆಯಾ ಎಂದು. ಇಟ್ಟಿದ್ದೇನೆ, ಒಂದೂ ತಪ್ಪಿಲ್ಲ.

ಜೀಪು ಹೊರಗೆ ಹಾಗೇ ಇದೆ. ಹಳ್ಳ ದಾಟುವಾಗ ಮಾತ್ರ ಮ್ಯಾಟಿನ ಕೆಳಗಿನಿಂದ ಹುರಿಗಡಲೆ ಅಗಿದ ಹಾಗೆ ಸದ್ದು ಬರುತ್ತದೆ. ಟಾರು ಕುದುರಿಕೊಳ್ಳುತ್ತಿದೆ ಎನ್ನುತ್ತಾರೆ ಇವರು. ಇಲ್ಲಿಯ ಮೆಕಾನಿಕ್ ಓಬಳಪ್ಪನಿಗೆ ಒಮ್ಮೆ ತೋರಿಸಿ ಎಂದೆ. "ನಿಂಗೇನು ಗೊತ್ತೇ ಗಾಡಿ ಇಚಾರ" ಎಂದರು. ಸುಮ್ಮನಾದೆ. ಸುಮ್ಮನಾಗುವುದು ನನಗೆ ಅಭ್ಯಾಸ.

ನೀನು ಹೇಳಿದ ಮಧ್ಯಾಹ್ನದ ಕೆಲಸ ನಡೆಯುತ್ತಿದೆ. ತೊಲೆಗಳೆರಡೂ ಅಪ್ಪನ ಕಾಲದ ಹಾಗೇ ಇವೆ, ಕೈ ಒರೆಸಿದರೆ ಕಪ್ಪು ಎಣ್ಣೆಯೇ ಹೊರತು ಕೆಂಪಿಲ್ಲ. ಇವರು ಊಟವಾದ ಮೇಲೆ ಚೆನ್ನಾಗಿ ಮಲಗುತ್ತಾರೆ. ಮಧ್ಯಾಹ್ನ ಎನ್ನುವುದು ಎಷ್ಟು ಉದ್ದವಿರುತ್ತದೆ ಎಂದು ನನಗೆ ಈಗ ತಿಳಿಯಿತು.

ಹಿಂದಿನ ಸೀಟಿನಲ್ಲಿ ಕೂತಾಗ ಇವರ ಕೈ ಕಾಲು ನೋಡುತ್ತಿರುತ್ತೇನೆ. ಕ್ಲಚ್ಚು ಯಾವಾಗ ಒತ್ತುತ್ತಾರೆ, ಗೇರು ಹೇಗೆ ಬೀಳುತ್ತದೆ. ಹೊತ್ತು ಹೋಗುತ್ತದೆ.

ಕಾರ್ತಿಕದ ಕೊನೆಗೆ ಇವರ ಅಣ್ಣನ ಮಗ ಮುರಳಿಕೃಷ್ಣನ ಮದುವೆ. ಗಂಡಿನ ಮೆರವಣಿಗೆ ಈ ಜೀಪಿನಲ್ಲೇ ಎಂದು ಹೇಳಿಕೊಂಡು ಬಂದಿದ್ದಾರೆ. ಅಪ್ಪನ ತಿಥಿಗೆ ಬಂದಿದ್ದ ನೆಂಟರೆಲ್ಲ ಬರುತ್ತಾರೆ.

ಅಕ್ಕ


ಹಿಂದೂಪುರ
6 ಸೆಪ್ಟೆಂಬರ್ 2004

ಅಕ್ಕ,

ನಿನ್ನ ಕಾಗದದ ಕೊನೆಯ ಸಾಲನ್ನು ಫ್ರೇಮು ಹಾಕಿಸೋಣ ಎನಿಸಿತು. ಮುರಳಿಕೃಷ್ಣನ ಕರೆಯೋಲೆಯನ್ನು ನನ್ನ ಪ್ರೆಸ್ಸಿನಲ್ಲೇ ಹಾಕಿಸಲು ಹೇಳು, ಪದ್ಯ ಪುಕ್ಕಟೆ. ಅದರಲ್ಲಿ 'ಅಡಿಗಡಿಗೂ ಮಂಗಳ' ಎಂಬ ಮಾತು ತರುತ್ತೇನೆ. ನಮ್ಮ ಮನೆದೇವರು ಚೌಡೇಶ್ವರಿಗೆ ಹರಕೆಯನ್ನೂ ಹೊತ್ತಿದ್ದೇನೆ, ಯಾವುದಕ್ಕೆ ಎಂದು ಪೂಜಾರಿ ಕೇಳಿದ, ವಾಹನ ಸೌಖ್ಯಕ್ಕೆ ಎಂದೆ.

ಈಶ್ವರ್


ಕಲ್ಯಾಣದುರ್ಗ
7 ಡಿಸೆಂಬರ್ 2004

ಲೋ ಈಶ್ವರ,

ಈ ಸಲ ಒಂದಕ್ಷರಾನೂ ಬುಡದಂಗೆ ಬರಿ ಅಂತ ನಿಮ್ಮಕ್ಕನಿಗೆ ಹೇಳಿವ್ನಿ.

ಮೊನ್ನೆ ಭಾನುವಾರ ಮುರಳಿ ಮೆರವಣಿಗೆ. ಮುಂದೆ ಬ್ಯಾಂಡ್‌ಸೆಟ್ಟು, ನಡುವೆ ನಾನು ಜೀಪು ಓಡಿಸ್ತಾ, ಹಿಂದಿನ ಸೀಟಲ್ಲಿ ಗಂಡು, ಪಕ್ಕದಾಗೆ ನಿಮ್ಮಕ್ಕ ಕಳಶ ಹಿಡ್ಕೊಂಡು. ಟಾಪ್ ತೆಗ್ದು ಹೂವ ಕಟ್ಟಿದ್ವಿ. ಗಾಡಿ ಫಸ್ಟ್ ಗೇರಲ್ಲಿ ಆಮೆ ಹೋದಂಗೆ ಹೋಯ್ತಿತ್ತು. ಬಸ್‌ಸ್ಟ್ಯಾಂಡ್ ಹತ್ರ ಬೀಗರು ಎದುರುಗೊಳ್ಳಕ್ಕೆ ನಿಂತಿದ್ರು. ಎದ್ದು ನಿಂತು ಕೈ ಮುಗೀವಾ ಅಂತ ಎದ್ದೆ. ಎದ್ದೋನು ಕೆಳಗೆ ಹೋದೆ. ಎರಡು ಕಾಲೂ ತಗಡು ಸೀಳ್ಕೊಂಡು ರೋಡಿಗೆ ಇಳಿದ್ವು. ತೊಡೆಗಂಟ ಸಿಗಾಕ್ಕೊಂಡೆ. ಗಾಡಿ ನಿಲ್ತಿಲ್ಲ, ಬ್ರೇಕ್ ತುಳಿಯಕ್ಕೆ ಕಾಲು ಗಾಡಿ ಒಳಗಿಲ್ಲ. ಸ್ಟೇರಿಂಗ್ ಹಿಡ್ಕೊಂಡು ಗಾಡಿ ಜೊತೆ ರೋಡಲ್ಲಿ ನಡ್ಕೊಂಡು ಹೋದೆ ಕಣ್ಲಾ. ಬ್ಯಾಂಡಿನೋರು ತಿರುಗಿ ನೋಡಿ ಊದೋದು ನಿಲ್ಲಿಸ್ಬುಟ್ರು. ಗಂಡು ಬಾಸಿಂಗ ಹಿಡ್ಕೊಂಡು ಹಾರ್ದ. ಚಪ್ಲಿ ಎಲ್ಲೋ ಹೋದ್ವು. ಆಮ್ಯಾಕೆ ನಿಮ್ಮಕ್ಕ ಹಿಂದಿಂದ ಕೈ ಚಾಚಿ ಕೀ ತಿರುಗಿಸಿದ್ಲು, ಗಾಡಿ ನಿಂತ್ಕೊಂತು.

ಮೊಣಕಾಲು ತರ್ಚಿದ್ದು ಬುಟ್ರೆ ಮೈಗೇನೂ ಆಗಿಲ್ಲ. ಮಾನಕ್ಕೆ ಆಗೈತೆ. ಬಸ್‌ಸ್ಟ್ಯಾಂಡೇ ನಕ್ತು. ಈಗ ಉಪ್ಪು ತಗೋಳಕ್ಕೆ ಬರೋ ಕುರಿಯೋರೂ "ಅಮರೇಶಪ್ಪೋರೇ, ಗಾಡೀಲಿ ಬಂದ್ರಾ, ನಡ್ಕೊಂಡು ಬಂದ್ರಾ?" ಅಂತಾರೆ.

ಓಬಳಪ್ಪನ್ನ ಕರ್ಸಿ ತೋರಿಸ್ದೆ. ಉಪ್ಪಿನ ಮೇಲೆ ಟಾರು ಬಳಿಯಕ್ಕೆ ಹೇಳಿದ ಪುಣ್ಯಾತ್ಮ ಯಾರು ಅಂತ ಕೇಳ್ದ. ಹೆಸರು ಹೇಳ್ದೆ. ಅವ್ನು ನಿನ್ನ ಪದ್ಯ ಕೇಳಿದ್ದೋನೇ. ನಗು ತಡ್ಕೊಂಡು ಸಾಮಾನಿನ ಚೀಲ ಎತ್ಕೊಂಡು ಹೋದ. ನಂಗೆ ಅರ್ಥ ಆಯ್ತು. ಆ ಬಸ್‌ಸ್ಟ್ಯಾಂಡಲ್ಲೇ, ಬಿದ್ದ ದಿನಾನೇ ಎಲ್ರ ಮುಂದೆ, ಈ ಗಾಡಿಗೂ ನಂಗೂ ಋಣ ತೀರ್ತು ಅಂತ ಹೇಳಿ ಬಂದೆ. ಇನ್ನ ಅದ್ರ ನೆಳ್ಳೂ ತುಳಿಯಲ್ಲ.

ಅಮರೇಶಪ್ಪ


ಹಿಂದೂಪುರ
10 ಡಿಸೆಂಬರ್ 2004

ಭಾವನವರಿಗೆ,

ಮೊಣಕಾಲಿಗೆ ಅರಿಶಿನ ಹಚ್ಚಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹಿರಿಯರು ಹೇಳಿದ್ದಾರೆ. ಉಪ್ಪು ಹೊತ್ತವನು ರಸ್ತೆ ತುಳಿಯಲೇಬೇಕು ಎಂದು ನಾನು ಸೇರಿಸುತ್ತಿದ್ದೇನೆ. ಮೂರು ವರ್ಷದ ಹಿಂದೆ ನಮ್ಮ ಅಂಗಳದಲ್ಲಿ ಓಡಿಸುವವನಿಗೆ ಗಾಡಿ ಎಂದಿರಿ. ಒಪ್ಪಿದೆ. ಈಗ ಗಾಡಿಯೇ ನಿಮ್ಮನ್ನು ಓಡಿಸಿದೆ. ಲೆಕ್ಕಕ್ಕೆ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಬಳಿದರೆ ಮಿರುಗು ಎಂದೆ, ಮಿರುಗಿತು. ಊರೆಲ್ಲ ತಿರುಗು ಎಂದೆ, ತಿರುಗಿದಿರಿ. ಯಾವುದರಲ್ಲಿ ಕೂತು, ಯಾವುದರ ಮೇಲೆ ನಡೆದು ಎಂದು ಪದ್ಯದಲ್ಲಿ ಹೇಳಲು ಜಾಗವಿರಲಿಲ್ಲ.

ನಿಮ್ಮ ಕಾಗದವನ್ನು ಇಲ್ಲಿ ತಿಥಿಯ ಪಂಕ್ತಿಯಲ್ಲಿದ್ದ ಉಳಿದವರಿಗೆಲ್ಲ ಓದಿ ಹೇಳಿದೆ. ಬ್ಯಾಂಡಿನವರು ಊದುವುದು ನಿಲ್ಲಿಸಿದ ಜಾಗವನ್ನು ಎರಡೆರಡು ಸಲ ಓದಿಸಿದರು.

ಋಣ ತೀರಿದ ಗಾಡಿಯನ್ನು ಹತ್ತೊಂಬತ್ತರ ಭಾನುವಾರ ಬಂದು ಎಳೆಸಿಕೊಂಡು ಹೋಗುತ್ತೇನೆ. ಹೊಸ ತಗಡು ಅಳತೆಗೆ ಕತ್ತರಿಸಿ ಇಟ್ಟಾಗಿದೆ. ನನಗೆ ಓಡಿಸಲು ಬಾರದು, ನಿಜ. ಅಪ್ಪ ನಿಲ್ಲಿಸುತ್ತಿದ್ದ ಬೇವಿನ ಮರದ ಕೆಳಗೆ ನಿಲ್ಲಿಸುತ್ತೇನೆ. ನಿಂತರೂ ಅದು ನಮ್ಮ ಅಂಗಳದಲ್ಲಿ ನಿಲ್ಲಬೇಕು.

ಗೆದ್ದ ಬಾಮೈದ,
ಈಶ್ವರ್

ಅಕ್ಕ, ಕೀ ತೆಗೆದಿಟ್ಟಿರು.


ಕಲ್ಯಾಣದುರ್ಗ
15 ಡಿಸೆಂಬರ್ 2004

ಈಶ್ವರ,

ಕೀ ತೆಗೆದಿಟ್ಟಿದ್ದೇನೆ. ನನ್ನ ಸೆರಗಿನ ತುದಿಯಲ್ಲಿದೆ. ಭಾನುವಾರ ನೀನು ಬರುವುದು ಬೇಡ.

ಬಸ್‌ಸ್ಟ್ಯಾಂಡಿನಲ್ಲಿ ಇವರು ಆಡಿದ ಮಾತನ್ನು ನಿನಗೆ ಅರ್ಧವೇ ಬರೆಸಿದರು. ಉಳಿದರ್ಧ ನಾನು ಹೇಳುತ್ತೇನೆ. ನಾಲ್ಕು ಜನ ಹಿಡಿದೆತ್ತಿ ಹೊರಗೆ ತೆಗೆದ ಮೇಲೆ ಇವರು ಬರಿಗಾಲಲ್ಲಿ ನಿಂತು ನನ್ನ ಕಡೆ ತಿರುಗಿ, "ನಿಮ್ಮಪ್ಪನ ಹಾಳು ಗಾಡಿ ನೀನೇ ಇಟ್ಕೊಂಡು ಸಾಯಿ" ಎಂದರು. ಬೀಗರು, ಬ್ಯಾಂಡಿನವರು, ಬಸ್ಸಿನವರು ಎಲ್ಲರೂ ಕೇಳಿದರು. "ಆಯ್ತು, ಇಟ್ಕೋತೀನಿ" ಎಂದೆ. ಅದನ್ನೂ ಎಲ್ಲರೂ ಕೇಳಿದರು. ಜನರ ಮುಂದೆ ತೆಗೆದುಕೊಂಡು ಹೋದ ಗಾಡಿಯನ್ನು ಜನರ ಮುಂದೆಯೇ ಕೊಟ್ಟರು. ಆದರೆ ಕೊಟ್ಟದ್ದು ನಿನಗಲ್ಲ.

ನೀನು ಗೆದ್ದೆ ಎಂದು ಬರೆದಿದ್ದೀಯ. ನಿನ್ನ ಉಪಾಯ ಕೆಟ್ಟದ್ದೇನೂ ಅಲ್ಲ, ನಿಧಾನದ್ದು. ಟಾರು ದಪ್ಪವಿತ್ತು. ನಿನ್ನ ಪದ್ಯವೊಂದನ್ನೇ ನಂಬಿದ್ದರೆ ಮುರಳಿಯ ಮಗನ ಮದುವೆಗೆ ತಗಡು ಬೀಳುತ್ತಿತ್ತು. ಹೊಸ ಗಂಟು ಇಡುವಾಗ ಹಿಂದಿನ ಅಮಾವಾಸ್ಯೆಯ ದೃಷ್ಟಿಗಂಟನ್ನು ತೆಗೆದು ಮೂರು ದಾರಿ ಕೂಡುವಲ್ಲಿ ಎಸೆದು ಬರುವುದು ಪದ್ಧತಿ. ನಾನು ಒಂದನ್ನೂ ಎಸೆಯಲಿಲ್ಲ. ಪ್ರತಿ ಸಲವೂ ಮ್ಯಾಟಿನ ಅಂಚೆತ್ತಿ ಹಳೆಯ ಗಂಟು ಬಿಚ್ಚಿ, ಉಪ್ಪನ್ನು ಟಾರು ಕೆರೆದ ತಗಡಿನ ಮೇಲೆ ಹರಡಿ, ಒಂದು ಲೋಟ ನೀರು ಚಿಮುಕಿಸಿ, ಹೊಸ ಗಂಟು ಇಟ್ಟು ಮತ್ತೆ ಅಂಟಿಸಿದೆ. ಸರಿಯಾಗಿ ಇವರು ಎದ್ದು ನಿಂತರೆ ಕಾಲು ಬೀಳುವ ಜಾಗದಲ್ಲಿ. ಗಂಡನ ರಕ್ಷಣೆಗೆ ಎಷ್ಟು ಶ್ರದ್ಧೆ ಎಂದು ಅತ್ತೆ ಕಣ್ಣೀರು ಹಾಕಿದರು. ಉಪ್ಪು ಇವರದೇ, ಅಂಗಡಿಯದು. ಮೆರವಣಿಗೆಗೆ ಇದೇ ಜೀಪು ಎಂಬ ಮಾತನ್ನು ಇವರ ತಲೆಗೆ ಹಾಕಿದವಳೂ ನಾನೇ.

ಇದೆಲ್ಲ ನಿನಗೆ ಗೊತ್ತಿರಲಾರದು ಎಂದು ಬಿಡಿಸಿ ಬರೆದಿದ್ದೆಯಲ್ಲ. ಆ ಗಾಡಿ ಮನೆಗೆ ಬಂದಾಗ ನನಗೆ ಹನ್ನೆರಡು, ನೀನು ಇನ್ನೂ ಮಣ್ಣಿನಲ್ಲಿ ಆಡುತ್ತಿದ್ದೆ. ಅಪ್ಪನ ಜೊತೆ ಅಡಿಯಲ್ಲಿ ಮಲಗಿ ಆಯಿಲ್ ಡಬ್ಬ ಹಿಡಿದವಳು ನಾನು. ಉಪ್ಪು ನೀರು ಕುಡಿದು ಕಬ್ಬಿಣ ತಿನ್ನುತ್ತದೆ ಎಂದು ಅಪ್ಪ ಮೊದಲು ಹೇಳಿದ್ದು ನನಗೆ. ನನ್ನ ಮದುವೆಯಾದ ಮೇಲೆ ಆ ಡಬ್ಬ ನಿನ್ನ ಕೈಗೆ ಬಂತು, ಅಷ್ಟೇ. ಮೊದಲ ಪುಡಿ ಉದುರಿದಾಗಲೇ ಇವರಿಗೆ ಹೇಳಿದ್ದೆ, ತೊಳೀರಿ, ಒಣಗಿಸಿ, ಎಣ್ಣೆ ಸವರಿ ಎಂದು. ಹೆಂಗಸಿಗೆ ಏನು ಗೊತ್ತು ಎಂದು ನಿನಗೆ ಕಾಗದ ಬರೆಸಿದರು. ನಾನು ಹೇಳಿದ್ದನ್ನೇ ನಿನ್ನಿಂದ ಕೇಳಲು, ನನ್ನ ಕೈಯಲ್ಲೇ. ನೀನು ತಲೆಕೆಳಗಾಗಿ ಹೇಳಿದೆ. ಅದನ್ನು ಓದಿ ಹೇಳುವಾಗ ನನಗೆ ಎಷ್ಟು ಸುಖವಾಯಿತು ಎಂದು ಯಾವ ಪದ್ಯದಲ್ಲೂ ಹೇಳಲಾಗದು.

ತಿಥಿಯ ದಿನ ನಾನು ಅಡುಗೆಮನೆ ಬಾಗಿಲಿಗೆ ಬಂದದ್ದನ್ನು ನೀನು ನೆನೆದಿದ್ದೀಯ. ಏನು ಹೇಳಲು ಬಂದಿದ್ದೆ ಎಂದು ಅಂದೂ ಕೇಳಲಿಲ್ಲ, ಈ ಒಂದು ವರ್ಷದ ಕಾಗದಗಳಲ್ಲೂ ಕೇಳಲಿಲ್ಲ. ಜೀಪು ನಾನು ಇಟ್ಟುಕೊಳ್ಳುತ್ತೇನೆ, ನೀವಿಬ್ಬರೂ ಕೂತು ಊಟ ಮುಗಿಸಿ ಎಂದು ಹೇಳಲು ಬಂದಿದ್ದೆ. ಒಬ್ಬ ಮಗನಿಗೆ ಎಂದ, ಒಬ್ಬ ಓಡಿಸೋನಿಗೆ ಎಂದ. ಮಗಳು ಅನ್ನ ಬಡಿಸುತ್ತಿದ್ದಳು.

ತೊಲೆ ತೊಳೆಯುವುದು ವಾರಕ್ಕೊಂದು ಮಧ್ಯಾಹ್ನದ ಕೆಲಸ. ಮಿಕ್ಕ ಮಧ್ಯಾಹ್ನಗಳಲ್ಲಿ ಬಸ್‌ಸ್ಟ್ಯಾಂಡ್ ಹಿಂದಿನ ಡ್ರೈವಿಂಗ್ ಸ್ಕೂಲಿಗೆ ಹೋದೆ. ಅನಂತಪುರದಲ್ಲಿ ಲೈಸೆನ್ಸ್ ಆಯಿತು, ಫೋಟೋದಲ್ಲಿ ಅಪ್ಪನ ಹಾಗೇ ಕಾಣುತ್ತೇನೆ. ನಿನ್ನೆ ಓಬಳಪ್ಪ ಹೊಸ ತಗಡು ವೆಲ್ಡ್ ಮಾಡಿ ಕೊಟ್ಟ. ಟಾರೆಲ್ಲ ಕೆರೆಸಿ, ಸಿಹಿನೀರು ಹೊಡೆಸಿ, ಬಿಸಿಲಿಗೆ ಬಿಟ್ಟು, ಕೆಂಪು ಪ್ರೈಮರ್ ಹಚ್ಚಿಸಿದ್ದೇನೆ. ಮೂಲೆಯ ತೂತುಗಳೆಲ್ಲ ತೆರೆದಿವೆ. ಇವರ ಉಪ್ಪಿನ ಮೂಟೆ ಈಗ ಲಗೇಜ್ ಆಟೋದಲ್ಲಿ ಹೋಗುತ್ತದೆ. ನೆಳ್ಳೂ ತುಳಿಯಲ್ಲ ಎಂದವರು ಇವತ್ತು ಬೆಳಿಗ್ಗೆ ಆಟೋ ಬರಲಿಲ್ಲವೆಂದು ಬಂದು, "ಸಂತೆಗಂಟ ಬುಡ್ತೀಯೇನೇ" ಎಂದು ಕೇಳಿದರು. "ಹಿಂದೆ ಕೂತ್ಕೊಳಿ, ಮುಂದೆ ತಕ್ಕಡಿ ಐತೆ" ಎಂದೆ. ಕೂತರು.

ನಿನ್ನ ಹೆಸರಿಗೆ ಹಿಂದೂಪುರದ ಬಸ್ಸಿನಲ್ಲಿ ನಿಂಬೆ ಉಪ್ಪಿನಕಾಯಿ ಕಳಿಸಿದ್ದೇನೆ. ನೀನು ಪ್ರಾಸ ಮೆಚ್ಚುವವನು, ಜೊತೆಗೆ ಇದನ್ನೂ ಇಟ್ಟುಕೋ:

ಉಪ್ಪು ಇಟ್ಟೋಳಿಗೆ ಗಾಡಿ,
ಉರ್ಕೊಂಡೋನಿಗೆ ಉಪ್ಪಿನಕಾಯಿ ಜಾಡಿ.

ಸಂಕ್ರಾಂತಿಗೆ ಬರುತ್ತೇನೆ, ಪೆನುಕೊಂಡದ ಮೇಲೆ, ನಾನೇ ಓಡಿಸಿಕೊಂಡು. ಹಬ್ಬದ ಮಾರನೇ ದಿನ ತಳಕ್ಕೆ ಎಣ್ಣೆ ಸವರಬೇಕು. ಒಂದು ಡಬ್ಬ ಹಳೇ ಆಯಿಲ್ ತಂದಿಟ್ಟಿರು, ಅಡಿಯಲ್ಲಿ ಮಲಗುವ ಕೆಲಸ ಎಂದಿನಂತೆ ನಿನ್ನದೇ. ಬೇವಿನ ಮರದ ಕೆಳಗೆ ಎರಡು ದಿನ ನಿಲ್ಲಿಸುತ್ತೇನೆ, ಕಣ್ತುಂಬ ನೋಡಿಕೋ. ನಾನು ವಾಪಸ್ಸು ಹೊರಡುವಾಗ ಊರವರು ಸುತ್ತ ನಿಂತು, ಕೇಶವಯ್ಯನ ಗಾಡಿ ಕೊನೆಗೆ ಯಾರದಾಯಿತು ಎಂದು ಕೇಳುತ್ತಾರೆ. ಉತ್ತರ ಹೇಳಲು ನಿನ್ನ ಬಾಯಿ ತುರಿಸುತ್ತದೆ, ಪದ್ಯವೂ ಬರಬಹುದು.

ನೀನು ಸುಮ್ನಿರು ಈಶ್ವರ, ಇದು ಹೆಂಗಸ್ರ ಮಾತು.

ಕೇಶವಯ್ಯನ ಮಗಳು,
ಬನಶಂಕರಮ್ಮ